ಭಾರ ಅಂದರೆ ಎಂತ

12 ಜನವರಿ, ಭಾನುವಾರ

ಈ ನೋಟ್‌ಬುಕ್ ಪಾಸ್ಟರ್ ಕೊಟ್ಟಿದ್ದು. ನೂರು ಪುಟ, ರಟ್ಟಿನ ಮೇಲೆ ಗಿಳಿಯ ಚಿತ್ರ. ಯೂತ್ ಮೀಟಿಂಗಿನಲ್ಲಿ ಇದ್ದ ಏಳು ಜನಕ್ಕೂ ಒಂದೊಂದು ಕೊಟ್ಟರು. ತಲೆಗೆ ಬರುವ ಕೆಟ್ಟ ಆಲೋಚನೆಗಳನ್ನೆಲ್ಲ ಬರೆಯಬೇಕಂತೆ. "ಯಾರಿಗೂ ತೋರ್ಸೋದು ಬೇಡ, ನಂಗೂ ಬೇಡ. ನೀನು, ದೇವರು, ಅಷ್ಟೇ" ಅಂದರು. ದೇವರಿಗೆ ಮೊದಲೇ ಗೊತ್ತಿರುತ್ತದಲ್ಲ, ಮತ್ತೆ ಬರೆದು ತೋರಿಸುವುದು ಯಾರಿಗೆ ಅಂತ ಕೇಳಿದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಕೇಳಿದ್ದಲ್ಲ.

ಸರಿ. ಬರೆಯುತ್ತೇನೆ. ಮೊದಲನೇ ಆಲೋಚನೆ: ರವೀಶ ಸಾಯಲಿ.

ರವೀಶ ಅಂದರೆ ನನ್ನ ಅಕ್ಕನ ಗಂಡ. ಹೊಸನಗರದಿಂದ ಮಾಸ್ತಿಕಟ್ಟೆಗೆ ಹೋಗುವ ರೋಡಿನಲ್ಲಿ ಅವನದು ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಶಾಪು. ಹಿಂದೆಯೇ ಮನೆ. ಅಮ್ಮ ಹೋದ ಮೇಲೆ ತೀರ್ಥಹಳ್ಳಿಯಿಂದ ಬಂದು ಎರಡು ವರ್ಷದಿಂದ ನಾನು ಇಲ್ಲೇ ಇದ್ದೇನೆ. ಇಲ್ಲೇ ಕೆಲಸ, ಇಲ್ಲೇ ಊಟ.

ಇವತ್ತು ಆರಾಧನೆಯಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ ಅವನು ಎದ್ದು ಮೈಕು ತಗೊಂಡ. ನಲವತ್ತು ಜನರ ಎದುರಿಗೆ ಹೇಳಿದ: "ನಮ್ಮನೇಲಿ ನನ್ನ ಹೆಂಡ್ತಿ ತಮ್ಮ ಇದಾನೆ, ಸಮಾಧಾನ ಅಂತ ಹೆಸ್ರು. ಎರಡು ವರ್ಷದಿಂದ ಅವನು ನಂಗೆ ದೊಡ್ಡ ಭಾರ. ಎಷ್ಟು ಭಾರ ಅಂದ್ರೆ ಕೆಲವು ಸಲ ಊಟ ಸೇರಲ್ಲ. ಎಲ್ರೂ ಪ್ರಾರ್ಥನೆ ಮಾಡಿ." ಜನ ಆಮೆನ್ ಅಂದರು. ಅಕ್ಕನೂ ಆಮೆನ್ ಅಂದಳು. ನಾನು ಹಿಂದಿನ ಸಾಲಿನಲ್ಲಿ ಚಾಪೆಯ ಕಡ್ಡಿ ಕೀಳುತ್ತಾ ಕೂತಿದ್ದೆ. ಹೆಂಗಸರೆಲ್ಲ ತಿರುಗಿ ನೋಡಿದರು.

ಭಾರ. ಬೆಳಿಗ್ಗೆ ಏಳರಿಂದ ಅವನ ಕಬ್ಬಿಣ ಹೊರುವವನು ನಾನು. ಯಾರು ಯಾರಿಗೆ ಭಾರ?

ತೀರ್ಥಹಳ್ಳಿಯಲ್ಲಿ ನಮ್ಮದು ಹಳೇ ಸಭೆ. ಅಲ್ಲಿ ಮೈಕಿನಲ್ಲಿ ಯಾರೂ ಮನೆಯ ವಿಷಯ ಹೇಳುತ್ತಿರಲಿಲ್ಲ. ಹಾಡು ಹೇಳಿ, ಪ್ರಸಂಗ ಕೇಳಿ, ಮನೆಗೆ ಹೋಗುತ್ತಿದ್ದೆವು. ಇಲ್ಲಿಯವರಿಗೆ ಮುಚ್ಚಿಡುವುದೇ ಗೊತ್ತಿಲ್ಲ.

14 ಜನವರಿ, ಮಂಗಳವಾರ

ಇವತ್ತಿನವು: ಗ್ರೈಂಡರ್ ಅವನ ಕಾಲಿನ ಮೇಲೆ ಬೀಳಲಿ. ಅವನ ಸ್ವರ ಹೋಗಲಿ, ಆಮೇಲೆ ಮೈಕು ಹಿಡಿದು ಏನು ಮಾಡುತ್ತಾನೆ ನೋಡೋಣ. ಗಿರಾಕಿಯ ಎದುರಿಗೆ ನನ್ನ ಕೆಲಸ ನೋಡಿ "ಇದೆಂತ ವೆಲ್ಡಿಂಗಾ ಕೋಳಿ ಹಿಕ್ಕೆಯಾ ಮಾರಾಯ?" ಅಂದ. ಗಿರಾಕಿ ಹಲ್ಲು ಕಿರಿದ. ಅವನೂ ಸಾಯಲಿ.

ಭಾನುವಾರದ ಪ್ರಸಂಗದಲ್ಲಿ ಪಾಸ್ಟರ್ ಹೇಳಿದ್ದು, ಮನಸ್ಸಿನಲ್ಲಿ ಒಬ್ಬನನ್ನು ದ್ವೇಷ ಮಾಡಿದರೆ ಅದು ಕೊಲೆಯೇ ಅಂತ. ಕತ್ತಿ ಎತ್ತಬೇಕು ಅಂತಿಲ್ಲ. ಹಾಗಾದರೆ ಬೆಳಿಗ್ಗೆಯಿಂದ ನನ್ನದು ಮೂರು ಕೊಲೆ.

ಸಂಜೆ ಪಕ್ಕದ ಮನೆ ಕೆರಿಯಪ್ಪಣ್ಣ ಎಳ್ಳು ಬೆಲ್ಲ ತಂದುಕೊಟ್ಟ. "ತಿಂದು ಒಳ್ಳೇ ಮಾತಾಡು" ಅಂತ ಎಲ್ಲರಿಗೂ ಒಂದೊಂದು ಚಮಚ ಹಾಕಿದವನು ನನ್ನ ಮುಖ ನೋಡಿ, "ನಿಂಗೆ ಒಂದು ಚಮಚ ಸಾಕಾಗಲ್ಲ, ಡಬ್ಬಿನೇ ಇಟ್ಕೋ" ಅಂದ. ಡಬ್ಬಿ ಇಟ್ಟುಕೊಂಡೆ.

16 ಜನವರಿ, ಗುರುವಾರ

ಪಾಸ್ಟರ್ ಸಾಗರದಿಂದ ಬಸ್ಸಿನಲ್ಲಿ ಬಂದರು. ಗುರುವಾರ ಅವರು ಮನೆ ಮನೆಗೆ ಹೋಗುತ್ತಾರೆ. ರವೀಶ ಅಳತೆ ತಗೊಳ್ಳಲು ಹೋಗಿದ್ದ. ಶಾಪಿನಲ್ಲಿ ನನ್ನ ಹತ್ತಿರ ಪೇಂಟಿನ ಡಬ್ಬ ಬೋರಲು ಹಾಕಿ ಕೂತರು.

"ಬರೀತಿದೀಯಾ?"

"ಬರೀತಿದೀನಿ. ಬರೆದಷ್ಟೂ ಜಾಸ್ತಿ ಬರ್ತಿದೆ."

"ಬರ್ಲಿ. ಈಗ ಬರೋದು ಗೊತ್ತಾಗ್ತಿದೆ, ಮುಂಚೆ ಗೊತ್ತಾಗ್ತಿರ್ಲಿಲ್ಲ. ನೋಡು, ರೋಡಲ್ಲಿ ಫಾರೆಸ್ಟಿನವರ ಚೆಕ್‌ಪೋಸ್ಟ್ ಇರ್ತದಲ್ಲ? ಗಾಡಿ ನಿಲ್ಸಿ, ಎಲ್ಲಿಂದ ಬಂದೆ, ಒಳಗೆ ಎಂತ ಇದೆ ಅಂತ ಕೇಳ್ತಾರೆ. ತಲೆ ಬಾಗಿಲಿಗೆ ಹಂಗೊಂದು ಚೆಕ್‌ಪೋಸ್ಟ್ ಹಾಕು. ಕೆಟ್ಟ ಆಲೋಚನೆ ಬಂದ ಕೂಡ್ಲೆ ಒಳಗೆ ಬಿಡ್ಬೇಡ, ನಿಲ್ಸು, ಕೇಳು."

"ಚೆಕ್‌ಪೋಸ್ಟಲ್ಲಿ ಗಾರ್ಡ್ ಮಲಗಿರ್ತಾನೆ ಪಾಸ್ಟರ್."

ಅವರು ಜೋರಾಗಿ ನಕ್ಕರು. "ಅದಕ್ಕೇ ಎಚ್ಚರ ಇರು ಅಂತ ಬೈಬಲಲ್ಲಿ ಬರೆದಿರೋದು" ಅಂದರು.

ನಿಲ್ಲಿಸಿ ಕೇಳಿದ ಮೇಲೆ ಏನು ಮಾಡುವುದು ಅಂತ ಅವರು ಹೇಳಲಿಲ್ಲ. ನಾನು ನಿಲ್ಲಿಸಿ ಕೇಳಿದರೆ ಆಲೋಚನೆ ನೆಟ್ಟಗೆ ಉತ್ತರ ಕೊಡುತ್ತದೆ: ಅವನು ನಲವತ್ತು ಜನರ ಎದುರಿಗೆ ನಿನ್ನ ಮರ್ಯಾದೆ ತೆಗೆದ. ಸರಿಯಾಗಿಯೇ ಹೇಳುತ್ತಿದೆ. ದಾಖಲೆ ಸರಿ ಇರುವ ಗಾಡಿಯನ್ನು ಹೇಗೆ ತಡೆಯುವುದು?

20 ಜನವರಿ, ಸೋಮವಾರ

ಬೆಳಿಗ್ಗೆ ಆಶಾ ಕಾರ್ಯಕರ್ತೆ ವಿಶಾಲಮ್ಮ ಬಂದು ಮನೆಗೊಂದು ಬಾಟಲಿ ಎಣ್ಣೆ ಕೊಟ್ಟರು. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಂಡರೆ ಉಣುಗು ಹುಳ ಕಚ್ಚುವುದಿಲ್ಲ. ಈ ತಿಂಗಳುಗಳಲ್ಲಿ ಅದು ಕಚ್ಚಿ ಬರುವ ಮಂಗನ ಕಾಯಿಲೆಯ ಹೆದರಿಕೆ. "ಎಲ್ಲಾದ್ರೂ ಮಂಗ ಸತ್ತಿದ್ದು ಕಂಡ್ರೆ ಹತ್ರ ಹೋಗ್ಬೇಡಿ, ಮುಟ್ಬೇಡಿ, ಮೊದ್ಲು ನಂಗೆ ಫೋನ್ ಮಾಡಿ. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಅಲ್ಲೇ ತರಗೆಲೇಲಿ ಕೂತಿರ್ತವೆ" ಅಂದರು. ರವೀಶ ಬಾಟಲಿ ಮೂಸಿ ನೋಡಿ, "ಉಪವಾಸದ ದಿನ ಇದನ್ನ ಹಚ್ಕೊಂಡ್ರೆ ವಾಂತಿ ಬರ್ತದೆ ವಿಶಾಲಕ್ಕ" ಅಂದ.

ಸಂಜೆ ದನ ಹೊಡೆದುಕೊಂಡು ಬರಲು ಹೋಗಿದ್ದೆ. ಮನೆಯ ಹಿಂದೆ ಗುಡ್ಡ ಹತ್ತಿದರೆ ಕಾಡಿನ ಅಂಚಿಗೆ ಒಂದು ಮತ್ತಿ ಮರ ಇದೆ. ರವೀಶನ ಪ್ರಾರ್ಥನೆಯ ಮರ. ತಿಂಗಳಿನ ಕೊನೇ ಶುಕ್ರವಾರ ಉಪವಾಸ ಇದ್ದು, ಅದರ ಕೆಳಗೆ ಗೋಣಿಚೀಲ ಹಾಸಿ ಮೊಣಕಾಲೂರಿ ಮಧ್ಯಾಹ್ನದವರೆಗೆ ಪ್ರಾರ್ಥನೆ ಮಾಡುತ್ತಾನೆ. ಆ ಮರದ ಬುಡದಲ್ಲಿ ವಾಸನೆ ಬಂತು. ನೋಡಿದರೆ ಮರದ ಹಿಂದುಗಡೆ, ಬೇರಿನ ಸಂದಿಯಲ್ಲಿ ಸತ್ತ ಮಂಗ. ಒಂದು ಕೈ ಎದೆಯ ಮೇಲೆ ಇತ್ತು. ಮೈಮೇಲೆ ನೊಣ. ಅರ್ಧ ತರಗೆಲೆ ಮುಚ್ಚಿತ್ತು. ದೂರದಿಂದಲೇ ನೋಡಿ ಬಂದೆ.

ವಿಶಾಲಮ್ಮನ ನಂಬರ್ ಅಕ್ಕನ ಫೋನಿನಲ್ಲಿದೆ. ಕೇಳಲಿಲ್ಲ. ನಾಳೆ ಹೇಳಿದರಾಯಿತು.

22 ಜನವರಿ, ಬುಧವಾರ

ಹೇಳಬೇಕು ಅಂತ ಮಧ್ಯಾಹ್ನ ಅವನ ಹತ್ತಿರ ಹೋದೆ. "ಭಾವ, ಒಂದು ವಿಷಯ" ಅಂದೆ. ಅವನು ವೆಲ್ಡಿಂಗ್ ಗ್ಲಾಸು ಎತ್ತದೆ, "ಮೊದ್ಲು ಆ ರಾಡು ಕಟ್ ಮಾಡು. ನಿನ್ನ ವಿಷಯ ಕೇಳ್ತಾ ಕೂತ್ರೆ ಗೇಟು ಈಸ್ಟರಿಗೆ ಆಗ್ತದೆ" ಅಂದ. ರಾಡು ಕಟ್ ಮಾಡಿದೆ. ಆಮೇಲೆ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ಆಲೋಚನೆ ಬಂತು. ನಿಲ್ಲಿಸಿ ಕೇಳಿದೆ. ಅದು ಹೇಳಿದ್ದು ಹೀಗೆ: ಮನಸ್ಸಿನಲ್ಲಿ ದ್ವೇಷ ಮಾಡಿದರೆ ಕೊಂದ ಹಾಗೆಯೇ ಅಂತ ಅವರೇ ಹೇಳಿದ್ದಾರೆ. ನೀನು ಕೊಂದಾಗಿದೆ. ದೇವರ ಲೆಕ್ಕದಲ್ಲಿ ಆಗಿಹೋದ ಮೇಲೆ, ಇನ್ನು ಮಂಗನ ವಿಷಯ ಹೇಳಿದರೆಷ್ಟು ಬಿಟ್ಟರೆಷ್ಟು?

ಇದರಲ್ಲಿ ಎಲ್ಲೋ ತಪ್ಪಿದೆ. ಎಲ್ಲಿ ಅಂತ ಗೊತ್ತಾಗುತ್ತಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರೂ ಹೀಗೇ ಬೋರ್ಡಿನ ಮೇಲೆ ಬರೆದು, ಎಲ್ಲಿ ತಪ್ಪಿದೆ ಹೇಳು ಅಂತ ನಿಲ್ಲಿಸುತ್ತಿದ್ದರು. ಹೇಳಲು ಬರದೆ ಒಂದು ದಿನ ಚಾಕ್‌ಪೀಸಿನ ಡಬ್ಬ ಎತ್ತಿ ಒಗೆದು ಮನೆಗೆ ಬಂದವನು ಮತ್ತೆ ಹೋಗಲಿಲ್ಲ.

24 ಜನವರಿ, ಶುಕ್ರವಾರ

ಕೊನೇ ಶುಕ್ರವಾರ 31ಕ್ಕೆ ಅಂದುಕೊಂಡಿದ್ದೆ. 31ಕ್ಕೆ ಗೇಟು ಕೂರಿಸುವ ಕೆಲಸ ಇದೆ ಅಂತ ಅವನು ಇವತ್ತೇ ಹೊರಟ.

ಬೆಳಿಗ್ಗೆ ಆರೂವರೆಗೆ ಗೋಣಿಚೀಲ ಸುತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೋದ. ನಾನು ಮುಖ ತೊಳೆಯುತ್ತಿದ್ದೆ.

"ಭಾವ" ಅಂದೆ.

ತಿರುಗಿದ. "ಎಂತ?"

"ಏನಿಲ್ಲ. ನೀರಿನ ಬಾಟ್ಲಿ ತಗೊಂಡ್ರಾ?"

"ತಗೊಂಡೆ."

ಹೋದ. ಎಣ್ಣೆ ಬಾಟಲಿ ಕಿಟಕಿಯಲ್ಲೇ ಇತ್ತು.

26 ಜನವರಿ, ಭಾನುವಾರ

ಏನೂ ಆಗಿಲ್ಲ. ಅವನು ಎಂದಿನ ಹಾಗೆ ಮುಂದೆ ನಿಂತು ಹಾಡಿದ. ಊಟಕ್ಕೆ ಎರಡು ಸಲ ಸಾರು ಹಾಕಿಸಿಕೊಂಡ. ನೋಡಿ ನನಗೆ ಸಿಟ್ಟು ಬಂತೋ ಹಗುರಾಯಿತೋ ಗೊತ್ತಾಗಲಿಲ್ಲ. ಎರಡೂ ಒಂದೇ ಜಾಗದಲ್ಲಿ ಬರುತ್ತವೆ, ಹೊಟ್ಟೆಯ ಮೇಲ್ಭಾಗದಲ್ಲಿ.

ಸತ್ತ ಮಂಗನಿಗೆಲ್ಲ ಕಾಯಿಲೆಯೇ ಇರಬೇಕು ಅಂತಿಲ್ಲ. ಕರೆಂಟು ಹೊಡೆದಿರಬಹುದು, ಬಿದ್ದು ಸತ್ತಿರಬಹುದು.

30 ಜನವರಿ, ಗುರುವಾರ

ರವೀಶನಿಗೆ ಜ್ವರ. ಬೆಳಿಗ್ಗೆ ಎದ್ದವನು ಶಾಪಿನ ಷಟರ್ ಎತ್ತಲಾಗದೆ ಹಾಗೇ ಕೂತುಬಿಟ್ಟ. "ತಲೆ ಸಿಡೀತಿದೆ, ಸೊಂಟದಿಂದ ಕೆಳಗೆ ಯಾರೋ ಹೊಡೆದು ಹಾಕಿದಂಗಾಗಿದೆ" ಅಂದ. ಅಕ್ಕ ಮುಟ್ಟಿ ನೋಡಿ ಕೈ ಹಿಂದಕ್ಕೆ ತಗೊಂಡಳು. ಅಷ್ಟು ಸುಡುತ್ತಿತ್ತು.

ಷಟರ್ ನಾನು ಎತ್ತಿದೆ. ಎರಡು ಕಿಟಕಿ ಗ್ರಿಲ್ ಮುಗಿಸಿದೆ. ಚೆನ್ನಾಗಿ ಬಂತು. ನೋಡುವವರು ಯಾರೂ ಇರಲಿಲ್ಲ.

31 ಜನವರಿ, ಶುಕ್ರವಾರ

ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಡೆಂಗ್ಯೂ ಇರಬಹುದು, ಟೈಫಾಯ್ಡ್ ಇರಬಹುದು, ಇನ್ನೊಂದೂ ಇರಬಹುದು ಅಂದರು. ರಕ್ತ ಶಿವಮೊಗ್ಗಕ್ಕೆ ಕಳಿಸಿದ್ದಾರೆ. ನಾಲ್ಕು ದಿನ ಬೇಕು.

ವಿಶಾಲಮ್ಮ ಆಸ್ಪತ್ರೆಗೇ ಬಂದು ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತರು. "ಸುವಾರ್ತಾ, ಹೆದ್ರಬೇಡ. ಆದ್ರೂ ಕೇಳ್ಬೇಕು ನಾನು. ನಿಮ್ಮ ಮನೆ ಆಸುಪಾಸಲ್ಲಿ ಎಲ್ಲಾದ್ರೂ ಮಂಗ ಸತ್ತಿದ್ದು ಕಂಡಿದ್ರಾ?"

"ಇಲ್ಲ ವಿಶಾಲಕ್ಕ" ಅಂದಳು ಅಕ್ಕ.

"ನೀನು ನೋಡಿದ್ಯೇನೋ?"

ಇಲ್ಲ ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ. ತಲೆ ಅಲ್ಲಾಡಿಸಿದೆ. ತಲೆ ಅಲ್ಲಾಡಿಸಿದ್ದು ಸುಳ್ಳಾ?

1 ಫೆಬ್ರವರಿ, ಶನಿವಾರ

ಪ್ರಾರ್ಥನೆ ಮಾಡಲು ನೋಡಿದೆ. ಕರ್ತನೇ ರವೀಶನ ಅಂತ ಶುರು ಮಾಡಿದೆ. ಮುಂದೆ ಹೋಗಲಿಲ್ಲ. ಹದಿನೈದು ದಿನ ಸಾಯಲಿ ಅಂತ ಬರೆದವನು ಈಗ ಬದುಕಲಿ ಅಂದರೆ ಕೇಳುವವನು ಯಾವುದನ್ನು ನಂಬಬೇಕು?

ಇದನ್ನು ನನ್ನ ಆಲೋಚನೆಯೇ ಮಾಡಿತಾ? ಆಲೋಚನೆಗೆ ಅಷ್ಟು ಶಕ್ತಿ ಇದ್ದರೆ ಒಂಬತ್ತನೇ ಕ್ಲಾಸಿನ ಮೇಷ್ಟ್ರು ಯಾವತ್ತೋ ಸಾಯಬೇಕಿತ್ತು. ಅವರು ಮೊನ್ನೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ತಿನ್ನುತ್ತಿದ್ದರಂತೆ.

2 ಫೆಬ್ರವರಿ, ಭಾನುವಾರ

ಇವತ್ತು ಆಗಿದ್ದನ್ನು ಸರಿಯಾಗಿ ಬರೆಯಬೇಕು.

ಆರಾಧನೆಯಲ್ಲಿ ಎಲ್ಲರೂ ರವೀಶನಿಗಾಗಿ ಪ್ರಾರ್ಥನೆ ಮಾಡಿದರು. ಎಸ್ತರ್ ಆಂಟಿ ಎದ್ದು ನಿಂತು ಅಳುತ್ತಾ, "ಮೂರು ದಿನದಿಂದ ರವೀಶ್ ಬ್ರದರ್ ನಂಗೆ ಎಷ್ಟು ಭಾರ ಅಂದ್ರೆ, ಒಲೆ ಮುಂದೆ ನಿಂತ್ರೂ ಅವ್ರದೇ ಪ್ರಾರ್ಥನೆ" ಅಂದರು. ಆಮೇಲೆ ಪಾಸ್ಟರ್, "ನಮ್ಮೆಲ್ರಿಗೂ ಆ ಭಾರ ಇರ್ಲಿ, ದೇವ್ರು ಯಾರನ್ನ ನಮ್ಮ ಎದೆ ಮೇಲೆ ಇಡ್ತಾನೋ ಅವ್ರನ್ನ ಕೆಳಗೆ ಇಳಿಸ್ಬಾರ್ದು" ಅಂದರು.

ಪಕ್ಕದಲ್ಲಿದ್ದ ಅಕ್ಕನಿಗೆ ಮೆಲ್ಲಗೆ ಕೇಳಿದೆ. "ಅಕ್ಕ, ಭಾರ ಅಂದ್ರೆ ಎಂತ? ಭಾವ ಎಸ್ತರ್ ಆಂಟಿಗೆ ಹೆಂಗೆ ಭಾರ ಆಗ್ತಾರೆ? ಅವ್ರ ಮನೇಲಿ ಊಟ ಮಾಡ್ತಾರಾ?"

ಅಕ್ಕ ನನ್ನ ಮುಖವನ್ನೇ ನೋಡಿದಳು. "ಭಾರ ಅಂದ್ರೆ ಕಾಳಜಿ ಕಣೋ. ಒಬ್ರ ಬಗ್ಗೆ ಪ್ರಾರ್ಥನೆ ಮಾಡ್ದೆ ಇರೋಕೆ ಆಗಲ್ಲ ಅನ್ನೋದು. ಇಲ್ಲಿ ಹಂಗೇ ಹೇಳೋದು. ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಎರಡು ವರ್ಷ ಹಿಂದಿನ ಸಾಲಿನಲ್ಲಿ ಕೂತು ಚಾಪೆ ಕಡ್ಡಿ ಕಿತ್ತವನಿಗೆ ಹೇಗೆ ಗೊತ್ತಾಗಬೇಕು?

ಆರಾಧನೆ ಮುಗಿದ ಮೇಲೆ ಪಾಸ್ಟರನ್ನು ಹೊರಗೆ ಪೇರಳೆ ಗಿಡದ ಹತ್ತಿರ ಕರೆದುಕೊಂಡು ಹೋದೆ. ಭಾವ ಸಾಯಲಿ ಅಂತ ಬಯಸಿದ್ದೆ ಅಂದೆ. ಒಂದು ಸಲ ಅಲ್ಲ, ದಿನಾ ಬಯಸಿದ್ದೆ ಅಂದೆ. ಅವರು ನನ್ನ ಹೆಗಲ ಮೇಲೆ ಕೈ ಇಟ್ಟು, "ಹೇಳ್ದೆಯಲ್ಲ, ಅದೇ ದೊಡ್ಡದು. ಆಲೋಚನೆ ಯಾರಿಗೆ ಬರಲ್ಲ? ನಂಗೂ ಬರ್ತದೆ. ದೇವರು ಕ್ಷಮಿಸಿದ, ನೀನು ಬಿಟ್ಬಿಡು" ಅಂದರು. ಪ್ರಾರ್ಥನೆ ಮಾಡಿದರು. ಎರಡು ನಿಮಿಷದಲ್ಲಿ ಮುಗಿಯಿತು.

ನನಗೆ ಸಿಟ್ಟು ಬಂತು. ಇಷ್ಟು ಸುಲಭಾನಾ? ಅವರು ಇನ್ನೇನಾದರೂ ಇದೆಯಾ ಅಂತ ಕೇಳಬೇಕಿತ್ತು. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಕೇಳಲಿಲ್ಲ, ನಾನು ಹೇಳಲಿಲ್ಲ. ಕ್ಷಮೆ ಸಿಕ್ಕಿದ್ದು ಆಲೋಚನೆಗೆ. ಮಂಗ ಹಾಗೇ ಬಿದ್ದಿದೆ.

ಇನ್ನೊಂದು ವಿಷಯ. ನಾಳೆ ಬೆಳಿಗ್ಗೆ ಸಭೆಯವರೆಲ್ಲ ಉಪವಾಸ ಪ್ರಾರ್ಥನೆ ಮಾಡುತ್ತಾರಂತೆ. ಎಲ್ಲಿ ಅಂತ ಕೇಳಿದರೆ ಎಸ್ತರ್ ಆಂಟಿ ಹೇಳಿದರು, "ರವೀಶ್ ಬ್ರದರ್ ಮೊಣಕಾಲೂರೋ ಜಾಗದಲ್ಲೇ. ಆ ಮರದ ಕೆಳಗೆ."

3 ಫೆಬ್ರವರಿ, ಸೋಮವಾರ

ಬೆಳಿಗ್ಗೆ ಆರೂಕಾಲಿಗೇ ಹೋಗಿ ಗುಡ್ಡದ ದಾರಿಯಲ್ಲಿ ನಿಂತೆ. ಬೇಲಿ ಕಿರಿದಾಗುವ ಜಾಗ, ಅಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಒಂಬತ್ತು ಜನ ಬಂದರು. ಚಾಪೆ, ಗೋಣಿಚೀಲ. ಎಸ್ತರ್ ಆಂಟಿ ಮೊಮ್ಮಗಳನ್ನೂ ಎತ್ತಿಕೊಂಡಿದ್ದರು. ಎಲ್ಲರಿಗಿಂತ ಮುಂದೆ ಅಕ್ಕ, ಬರಿಗಾಲಲ್ಲಿ.

ಎರಡೂ ಕೈ ಅಗಲಿಸಿ ನಿಂತೆ. "ಹೋಗ್ಬೇಡಿ."

"ಪಕ್ಕ ಸರಿಯೋ, ಹೊತ್ತಾಗ್ತದೆ" ಅಂದಳು ಅಕ್ಕ.

"ಹೋಗ್ಬೇಡಿ ಅಂದ್ನಲ್ಲ! ಮನೇಲೇ ಮಾಡಿ."

ಎಸ್ತರ್ ಆಂಟಿ ಮಗುವನ್ನು ಇನ್ನೊಬ್ಬರ ಕೈಗೆ ಕೊಟ್ಟು, ನನ್ನ ಕಡೆ ಕೈ ಚಾಚಿ, "ಪ್ರಾರ್ಥನೆಗೆ ಅಡ್ಡ ನಿಲ್ಲೋ ದುರಾತ್ಮವೇ, ಯೇಸುವಿನ ನಾಮದಲ್ಲಿ ತೊಲಗು!" ಅಂತ ಕೂಗಿದರು. ಹಿಂದಿನವರು ಆಮೆನ್ ಅಂದರು.

"ದುರಾತ್ಮ ಅಲ್ಲ ಆಂಟಿ, ಮಂಗ! ಮರದ ಕೆಳಗೆ ಮಂಗ ಸತ್ತು ಬಿದ್ದಿದೆ!"

ಪಾಸ್ಟರ್ ಹಿಂದಿನಿಂದ ಎಲ್ಲರನ್ನೂ ದಾಟಿ ಮುಂದೆ ಬಂದರು. "ಯಾವಾಗ ನೋಡ್ದೆ?"

ಈಗಷ್ಟೇ ಅಂತ ಬಾಯಿಗೆ ಬಂದಿತ್ತು. ಅಂದಿದ್ದರೆ ಎಲ್ಲರೂ ಉಳಿಯುತ್ತಿದ್ದರು, ನಾನೂ ಉಳಿಯುತ್ತಿದ್ದೆ. ಶಹಬ್ಬಾಸ್ ಅಂತ ಬೆನ್ನು ತಟ್ಟುತ್ತಿದ್ದರು. ಅಕ್ಕನ ಕಾಲು ನೋಡಿದೆ. ಚಪ್ಪಲಿ ಇಲ್ಲದ ಕಾಲು.

"ಎರಡು ವಾರ ಆಯ್ತು" ಅಂದೆ.

ಅಕ್ಕನ ತುಟಿ ಅಲ್ಲಾಡಿತು, ದಿನ ಎಣಿಸುತ್ತಿದ್ದಳು. "ಅವ್ರು ಹೋಗಿದ್ದಕ್ಕಿಂತ ಮುಂಚೆಯಾ?"

"ಹೌದು."

"ಮೊನ್ನೆ ವಿಶಾಲಕ್ಕ ಕೇಳ್ದಾಗ?"

"ಗೊತ್ತಿತ್ತು."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಕಂಕುಳಿನಲ್ಲಿದ್ದ ಚಾಪೆಯನ್ನು ದಾರಿಯಲ್ಲೇ ಕೆಳಗೆ ಹಾಕಿ ವಾಪಸ್ ಹೋದಳು. ಉಳಿದವರೂ ಒಬ್ಬೊಬ್ಬರಾಗಿ ತಿರುಗಿದರು. ಪಾಸ್ಟರ್ ಫೋನ್ ತೆಗೆದು ವಿಶಾಲಮ್ಮನಿಗೆ ಮಾಡಿದರು. ಆಮೇಲೆ ಅಕ್ಕ ಹಾಕಿದ ಚಾಪೆ ಸುತ್ತಿ ಎತ್ತಿಕೊಂಡು ಇಳಿದರು.

ಹತ್ತು ಗಂಟೆಗೆ ಆರೋಗ್ಯ ಇಲಾಖೆಯವರು ಗಂಬೂಟು, ಗ್ಲೌಸು ಹಾಕಿಕೊಂಡು ಬಂದರು. ಜಾಗ ನಾನೇ ತೋರಿಸಿದೆ. ಮರದ ಸುತ್ತ ಉಣುಗು ಸಾಯುವ ಬಿಳಿ ಪುಡಿ ಹಾಕಿದರು.

4 ಫೆಬ್ರವರಿ, ಮಂಗಳವಾರ

ರಿಪೋರ್ಟ್ ಬಂತು. ಅದೇ ಕಾಯಿಲೆ. ಭಾವನ ವಸಡಿನಲ್ಲಿ ರಕ್ತ ಬರುತ್ತಿದೆ. ಆಂಬ್ಯುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಅಕ್ಕ ಜೊತೆಗೆ ಹೋದಳು. ನಾನೂ ಹತ್ತಲು ಹೋದೆ. "ನೀನು ಬೇಡ" ಅಂದಳು. ಅಷ್ಟೇ ಅಂದಿದ್ದು ನಿನ್ನೆಯಿಂದ.

6 ಫೆಬ್ರವರಿ, ಗುರುವಾರ

ದನಕ್ಕೆ ನೀರು ಹಾಕಿದೆ. ಶಾಪ್ ತೆಗೆಯಲಿಲ್ಲ. ಸಿಟ್ಟು ಮಾಡಲು ಯಾರೂ ಇಲ್ಲ. ಕೆರಿಯಪ್ಪಣ್ಣ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಕೊಟ್ಟು ಹೋದ. ಅವನಿಗೂ ಸುದ್ದಿ ಗೊತ್ತು, ಊರಿಗೆಲ್ಲ ಗೊತ್ತು. "ಉಣ್ಣು" ಅಂದ.

ಬರೆಯಲು ಕೆಟ್ಟ ಆಲೋಚನೆ ಹುಡುಕಿದೆ. ಭಾವನ ಬಗ್ಗೆ ಒಂದೂ ಇಲ್ಲ. ನನ್ನ ಬಗ್ಗೆ ಇವೆ. ಅವನ್ನೂ ಬರೆಯಬೇಕಾ ಅಂತ ಪಾಸ್ಟರ್ ಹೇಳಿಲ್ಲ.

9 ಫೆಬ್ರವರಿ, ಭಾನುವಾರ

ಬೆಳಿಗ್ಗೆ ಅಕ್ಕನ ಫೋನ್. "ಗಂಡಸರ ವಾರ್ಡಿಗೆ ಹಾಕಿದ್ರು, ಅಲ್ಲಿ ಹೆಂಗಸರನ್ನ ಉಳಿಯೋಕೆ ಬಿಡಲ್ವಂತೆ. ಬಾ." ಮೊದಲನೇ ಬಸ್ಸಿಗೆ ಹೊರಟೆ. ದನ ನೋಡಿಕೊಳ್ಳಲು ಕೆರಿಯಪ್ಪಣ್ಣ ಒಪ್ಪಿದ.

ಅಕ್ಕ ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿದ್ದಳು. ಮುಖ ಸಣ್ಣದಾಗಿದೆ. ಫ್ಲಾಸ್ಕು, ಚೀಟಿ, ಟವೆಲ್ಲು ಕೊಟ್ಟು ಹೇಳಿದಳು, "ಅವ್ರಿಗೆ ನಾನು ಹೇಳಿಲ್ಲ. ನಾನು ಹೇಳೋದೂ ಇಲ್ಲ. ಅದು ನೀನು ಹೇಳ್ಬೇಕಾದ್ದು."

"ಹೇಳಿದ್ರೆ ಮತ್ತೆ ಜಾಸ್ತಿ ಆದ್ರೆ?"

"ಜ್ವರ ಇಳಿದಿದೆ. ಡಾಕ್ಟ್ರು ಗಂಡಾಂತರ ದಾಟಿತು ಅಂದ್ರು. ನಿಂಗೆ ನೆಪ ಉಳಿದಿಲ್ಲ."

ಭಾವ ಅರ್ಧ ಆಗಿದ್ದಾನೆ. ಕಣ್ಣು ಕೆಂಪು. ನನ್ನನ್ನು ನೋಡಿ ನಗಲು ನೋಡಿದ. "ಶಾಪ್ ತೆಗೆದಿದ್ಯಾ? ಎಷ್ಟು ಗೇಟು ಹಾಳು ಮಾಡ್ದೆ?"

"ಒಂದೂ ಮಾಡ್ಲಿಲ್ಲ."

ಚಮಚದಲ್ಲಿ ಎಳನೀರು ಕುಡಿಸುವಾಗ ಕೇಳಿದೆ. "ಭಾವ, ಅವತ್ತು ಮೈಕಲ್ಲಿ ನಾನು ಭಾರ ಅಂದ್ರಲ್ಲ. ಕಾಳಜಿ ಅಂತಾನಾ, ಇಲ್ಲ ನಿಜವಾದ ಭಾರಾನಾ?"

ಚಮಚ ಪಕ್ಕಕ್ಕೆ ಸರಿಸಿದ.

"ಎರಡೂ" ಅಂದ. "ಹೇಳುವಾಗ ಕಾಳಜಿ ಅಂತಲೇ ಹೇಳಿದ್ದು. ಮನೆಗೆ ಬಂದು ನಿನ್ನ ಮುಖ ನೋಡಿದ್ರೆ ಇನ್ನೊಂದು."

ಒಂದು ತಿಂಗಳ ಹಿಂದೆ ಇದನ್ನು ಕೇಳಿದ್ದರೆ ಫ್ಲಾಸ್ಕು ಎತ್ತಿ ಒಗೆಯುತ್ತಿದ್ದೆ. ಇವತ್ತು ಯಾಕೋ ಸರಿಯಾಗಿಯೇ ಹೇಳಿದ ಅನ್ನಿಸಿತು. ಆದರೆ ನಾನು ಹೇಳಬೇಕಾದ್ದನ್ನು ಹೇಳಲಿಲ್ಲ. ನರ್ಸ್ ಬಂದರು, ಡ್ರಿಪ್ ಬದಲಿಸಿದರು, ಆಮೇಲೆ ಅವನು ಮಲಗಿದ. ಇವು ನೆಪ ಅಂತ ಗೊತ್ತು.

10 ಫೆಬ್ರವರಿ, ಸೋಮವಾರ

ಇವತ್ತೂ ಹೇಳಲಿಲ್ಲ. ಹೇಳಬೇಕು ಅಂತ ಮೂರು ಸಲ ಸ್ಟೂಲು ಹತ್ತಿರ ಎಳೆದೆ. ಮೂರನೇ ಸಲ ಅವನೇ, "ಆ ಸ್ಟೂಲಿಗೆ ಎಂತ ಆಗಿದೆ ಮಾರಾಯ, ಕಿರಗುಟ್ಟಿಸ್ಬೇಡ, ತಲೆ ನೋಯ್ತದೆ" ಅಂದ.

11 ಫೆಬ್ರವರಿ, ಮಂಗಳವಾರ

ಹೇಳಿದೆ.

ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ. ಕಿಟಕಿಯಿಂದ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಸ್ಟೂಲಿನ ಮೇಲೆ ಕೂರದೆ, ನಿಂತುಕೊಂಡೇ ಹೇಳಿದೆ.

"ಭಾವ, ಆ ಮರದ ಕೆಳಗೆ ಮಂಗ ಸತ್ತಿದ್ದು ನಂಗೆ ಗೊತ್ತಿತ್ತು."

"ಯಾವ ಮರ?"

"ನಿಮ್ಮ ಮರ."

"ಯಾವಾಗ ಗೊತ್ತಿತ್ತು?"

"ನೀವು ಹೋಗೋಕೆ ನಾಲ್ಕು ದಿನ ಮುಂಚೆ."

ಅವನು ನನ್ನನ್ನು ನೋಡಿದ. "ಮರ್ತೋಗಿತ್ತಾ?"

"ಇಲ್ಲ. ನೀವು ಗೋಣಿಚೀಲ ತಗೊಂಡು ಹೋಗುವಾಗಲೂ ನೆನಪಿತ್ತು."

ಭಾವ ಗೋಡೆಯ ಕಡೆ ತಿರುಗಿದ. ಪಕ್ಕದ ಮಂಚದ ಅಜ್ಜ ರೇಡಿಯೋ ಸಣ್ಣ ಮಾಡಿದರು. ಅವರಿಗೆ ಕೇಳಿಸಿತ್ತು. ನಾನು ನಿಂತೇ ಇದ್ದೆ. ಹೊರಗೆ ಹೋಗಬೇಕೋ ಇರಬೇಕೋ ಗೊತ್ತಾಗಲಿಲ್ಲ. ಡ್ರಿಪ್ಪಿನ ಹನಿ ನೋಡುತ್ತಾ ನಿಂತೆ.

ಭಾವ ಗೋಡೆಗೇ ಮುಖ ಮಾಡಿಕೊಂಡು ಹೇಳಿದ. "ಎದ್ದು ನಿಲ್ಲೋ ಹಂಗಾಗ್ಲಿ. ಮೊದ್ಲು ನಿನ್ನ ಹಲ್ಲು ಉದುರಿಸ್ತೀನಿ."

"ಸರಿ ಭಾವ."

"ಸರಿ ಅನ್ಬೇಡ! ಅವತ್ತು ಆ ಮರದ ಕೆಳಗೆ ಐದು ಗಂಟೆ ಮೊಣಕಾಲೂರಿದ್ದೆ ನಾನು. ವಾಸನೆ ಬಂದ್ರೂ ಇಲಿಗಿಲಿ ಸತ್ತಿರ್ಬೇಕು ಅಂತ ಏಳ್ಲಿಲ್ಲ. ಯಾರಿಗೋಸ್ಕರ ಗೊತ್ತಾ?"

"ಗೊತ್ತು."

"ಗೊತ್ತು ಅಂತಾನೂ ಅನ್ಬೇಡ."

"ಮತ್ತೆಂತ ಅನ್ಲಿ?"

"ಎಂತದೂ ಅನ್ಬೇಡ. ಬಾಯಿ ಮುಚ್ಚು." ಉಸಿರು ಎಳೆದುಕೊಂಡ. ಮಾತಾಡಿದ್ದಕ್ಕೇ ಸುಸ್ತಾಗಿತ್ತು. ಆಮೇಲೆ ಹೊದಿಕೆಯಿಂದ ಒಂದು ಕಾಲು ಹೊರಗೆ ಹಾಕಿದ. "ಮೀನಖಂಡ ಸೆಳೀತಿದೆ. ಒತ್ತು."

ಮಂಚದ ಕೊನೆಯಲ್ಲಿ ಕೂತು ಒತ್ತಿದೆ. "ಮೆಲ್ಲಗೆ ಒತ್ತೋ" ಅಂತ ಬೈದ. ಮೆಲ್ಲಗೆ ಒತ್ತಿದೆ. ಅವನ ಬೆನ್ನು ಅಲುಗುತ್ತಿತ್ತು, ಅಳುತ್ತಿದ್ದ. ನೋವಿಗೋ ನನ್ನ ಮೇಲಿನ ಸಿಟ್ಟಿಗೋ ಗೊತ್ತಾಗಲಿಲ್ಲ. ಕೇಳಲಿಲ್ಲ. ಮಧ್ಯಾಹ್ನದ ಗಂಜಿ ಬರುವ ತನಕ ಒತ್ತಿದೆ. ಆಮೇಲೆ ಅವನು ಇನ್ನೊಂದು ಕಾಲು ಹೊರಗೆ ಹಾಕಿದ.